ಎನ್ಸಿಯೊನ ಬೋರಲು ಲೋಟ

ಶನಿವಾರ ಮಧ್ಯಾಹ್ನ ನಾನು ಹಡಗು ಹತ್ತಿದಾಗ ಚುಕ್ಕಾಣಿಯ ಬಳಿ ಎನ್ಸಿಯೊ ಇರಲಿಲ್ಲ. ಅವನಿರಬೇಕಾದ ಜಾಗದಲ್ಲಿ ಎರಡು ಸಾಲು ತೇಲುತ್ತಿದ್ದವು.

‘ಎನ್ಸಿಯೊ ತಂಡವನ್ನು ಬಿಟ್ಟಿದ್ದಾರೆ.’

‘ಸಾಕಾಯಿತು. ಹುಡುಕಬೇಡಿ.’

ಮೊದಲನೆಯದು ಆಟವೇ ತೋರಿಸುವ ಸೂಚನೆ. ಎರಡನೆಯದು ಎನ್ಸಿಯೊನ ಹೆಸರಿನಲ್ಲಿ ಬಂದದ್ದು. ಹುಡುಕಬೇಡಿ ಅಂತೆ! ಯಾರಪ್ಪನ ಮನೆ ಅಪ್ಪಣೆ ಇದು?

ಹಡಗೆಂದರೆ ನೀರಿನ ಮೇಲೆ ತೇಲುವ ಹಡಗಲ್ಲ, ಕಂಪ್ಯೂಟರ್ ಆಟದ್ದು. ನಾನು ತಂಪೆರೆ ಊರಿನ ನನ್ನ ಅಡುಗೆಮನೆಯಲ್ಲಿ ಕೂತು ಹಾಯಿ ಎಳೆಯುತ್ತೇನೆ. ಯಾಲ್ಮರಿ ಲಾರಿ ಓಡಿಸುವವನು. ರಜೆಯ ದಿನ ಓಉಲುವಿನ ತನ್ನ ಮನೆಯಿಂದ ಲಂಗರು ನೋಡಿಕೊಳ್ಳುತ್ತಾನೆ. ತುರ್ಕುವಿನ ಹೆನ್ರಿಕ್ಕಿ ಅಡುಗೆಯವರು. ಹೊಸ ಹುಡುಗಿ ಸೈಮಿ ತೂತು ಮುಚ್ಚುತ್ತಾಳೆ. ಒಬ್ಬರು ಕೈ ಬಿಟ್ಟರೂ ಹಡಗು ಮುಳುಗುತ್ತದೆ. ಆಟ ಇರುವುದೇ ಹಾಗೆ. ಮಕ್ಕಳಾಟ ಎಂದು ನನ್ನ ತಂಗಿ ಮೂಗು ಮುರಿಯುತ್ತಾಳೆ. ಮುರಿಯಲಿ. ಅವಳ ಎರಡು ಮದುವೆಗಳಿಗಿಂತ ನಮ್ಮ ‘ಮುದುಕಿ’ ಹೆಚ್ಚು ಬಾಳಿಕೆ ಬಂದಿದ್ದಾಳೆ. ಮುದುಕಿ ಎಂಬುದು ಹಡಗಿನ ಹೆಸರು, ಎನ್ಸಿಯೊ ಇಟ್ಟದ್ದು.

ನಾನು ಹಡಗಿನ ಅಡುಗೆಕೋಣೆಗೆ ಓಡಿದೆ. ಹಲಗೆಯ ಮೇಲೆ ನಮ್ಮೆಲ್ಲರ ತಗಡಿನ ಲೋಟಗಳಿದ್ದವು. ಎನ್ಸಿಯೊನ ಲೋಟ ಬೋರಲು ಬಿದ್ದಿತ್ತು.

ಅದನ್ನು ಕಂಡು ತಲೆ ಕೆಟ್ಟುಹೋಯಿತು. ನಮ್ಮಲ್ಲಿ ಲೋಟ ಬೋರಲು ಹಾಕುವುದೆಂದರೆ ‘ಬರ್ತೀನಿ, ಧೂಳು ಬೀಳದ ಹಾಗೆ ನೋಡ್ಕೊಳ್ಳಿ’ ಎಂದರ್ಥ. ಪೂರ್ತಿ ಬಿಟ್ಟು ಹೋಗುವವರು ಲೋಟವನ್ನೇ ತೆಗೆದುಕೊಂಡು ಹೋಗುತ್ತಾರೆ. ಬಾಯಿ ‘ಹುಡುಕಬೇಡಿ’ ಎನ್ನುತ್ತಿದೆ, ಲೋಟ ‘ಬರ್ತೀನಿ’ ಎನ್ನುತ್ತಿದೆ. ಯಾವುದನ್ನು ನಂಬುವುದು?

ಬುಧವಾರವಷ್ಟೇ ಅವನು ನನ್ನ ಹಾಯಿ ಸಡಿಲವಾಯಿತೆಂದು ಬೈದಿದ್ದ, ನಡುನಡುವೆ ಕೆಮ್ಮುತ್ತ. ಈಚೆಗೆ ಆ ಕೆಮ್ಮು ಜಾಸ್ತಿಯಾಗಿತ್ತು. ನಾವು ಒಬ್ಬರಿಗೊಬ್ಬರು ಮನೆತನದ ಹೆಸರು ಹೇಳಿಕೊಂಡವರಲ್ಲ, ಫೋನ್ ನಂಬರು ಕೊಟ್ಟವರಲ್ಲ. ಅವನು ಯೊಯೆನ್ಸು ಕಡೆಯವನು, ಹೆಂಡತಿಯಿಂದ ಬೇರೆಯಾದವನು, ಎಲ್ಲೋ ಒಬ್ಬ ಮಗಳಿದ್ದಾಳೆ. ಅಷ್ಟೇ ಗೊತ್ತು. ಈ ಹಿಂದೆ ನಮ್ಮ ತಂಡದ ರೈಯಾ ಹೃದಯಾಘಾತದಿಂದ ಸತ್ತಾಗ ನಮಗೆ ಸುದ್ದಿ ಮುಟ್ಟಿದ್ದು ತಿಂಗಳಾದ ಮೇಲೆ. ಅವಳಿಗಾಗಿ ದಿನವೂ ಕಾದು ಕೂತಿದ್ದೆ ನಾನು. ಇನ್ನೊಂದು ಸಲ ಹಾಗೆ ಕಾಯಲು ನನ್ನ ಕೈಲಿ ಆಗದು.

ಕೂತಲ್ಲಿ ಕೂರಲಾಗದೆ ಎದ್ದೆ. ಕಾಫಿ ಮಾಡಿದೆ, ಕುಡಿಯಲಿಲ್ಲ. ಮತ್ತೆ ಬಂದು ಕೂತೆ. ಅಷ್ಟರಲ್ಲಿ ಹೆನ್ರಿಕ್ಕಿ ಬಂದಿದ್ದರು. ನಮ್ಮ ತಂಡದ ಮೈಕ್ ಮಾತುಕತೆಯಲ್ಲಿ ಅವರ ಕಾಫಿ ಹೀರುವ ಸದ್ದು ಮೊದಲು ಬರುತ್ತದೆ, ಮಾತು ಆಮೇಲೆ.

"ನೋಡಿದ್ಯಾ ತುಯಿಯಾ?"

"ನೋಡ್ದೆ. ಏನ್ರೀ ಇದು ಹೆನ್ರಿಕ್ಕಿ? ಹೆದರಿಕೆ ಆಗ್ತಿದೆ ನಂಗೆ."

"ಲೋಟ ಮುಟ್ಟೋಕೆ ಯಾರ ಕೈಲಾಗತ್ತೆ?"

"ಎನ್ಸಿಯೊ ಹೆಸರಲ್ಲಿ ಒಳಗೆ ಬಂದವರ ಕೈಲಿ ಮಾತ್ರ."

"ಎನ್ಸಿಯೊ ಅಂತ ಹೇಳ್ಲಿಲ್ಲ ನೀನು. ಎನ್ಸಿಯೊ ಹೆಸರಲ್ಲಿ ಬಂದವರು. ಸರಿಯಾಗೇ ಹೇಳಿದೆ."

ಹೆನ್ರಿಕ್ಕಿ ವಿಮಾ ಕಂಪನಿಯಲ್ಲಿ ಸುಟ್ಟ ಮನೆಗಳ ಪತ್ತೆ ಮಾಡುತ್ತಿದ್ದವರು. ನಿವೃತ್ತರಾದರೂ ಚಾಳಿ ಬಿಟ್ಟಿಲ್ಲ. ಆಟದಲ್ಲಿ ಒಂದು ಮೀನು ಕಡಿಮೆಯಾದರೂ ತನಿಖೆ ಶುರು ಮಾಡುತ್ತಾರೆ.

"ಅವನ ಪಾಸ್‌ವರ್ಡ್ ಯಾರಿಗೆ ಗೊತ್ತು?" ಎಂದರು.

"ಯಾರಿಗೆ ಗೊತ್ತಿಲ್ಲ ಕೇಳಿ! ಹಿಂದೆ ಒಂದ್ಸಲ ಮೈಕ್ ಆರಿಸದೆ ಜೋರಾಗಿ ಹೇಳ್ಕೊಂಡು ಟೈಪ್ ಮಾಡಿದ್ನಲ್ಲ. ನಾಯಿ ಹೆಸರು. ನಾನಿದ್ದೆ, ನೀವಿದ್ರಿ, ಯಾಲ್ಮರಿ ಇದ್ದ. ಪಾಪ, ರೈಯಾನೂ ಇದ್ಲು."

"ಸೈಮಿ?"

"ಅವಳು ಬಂದಿದ್ದೇ ಹೋದ ವರ್ಷ. ಅವಳಿಗೆ ಹೇಗೆ ಗೊತ್ತಿರತ್ತೆ?"

"ಹೂಂ" ಎಂದರು ಹೆನ್ರಿಕ್ಕಿ. ಈ ಮನುಷ್ಯನ ‘ಹೂಂ’ ಕೇಳಿದರೆ ನನಗೆ ಮೈ ಉರಿಯುತ್ತದೆ.

ಯಾಲ್ಮರಿ ಗಲಾಟೆ ಮಾಡಿಕೊಂಡೇ ಬಂದ. ಬುಧವಾರ ಅವನೂ ಎನ್ಸಿಯೊನೂ ಕಿತ್ತಾಡಿದ್ದರು. ಮುದುಕಿಯನ್ನು ಮಾರಿ ಹೊಸ ಹಡಗು ತರೋಣ ಎಂದು ಇವನು. ಮೊದಲು ನಿನ್ನನ್ನು ಮಾರ್ತೀನಿ, ಕೊಳ್ಳೋರು ಸಿಕ್ಕರೆ ಎಂದು ಅವನು. ಹೆನ್ರಿಕ್ಕಿ ನೇರವಾಗಿ ಅಲ್ಲಿಗೇ ಕೈ ಹಾಕಿದರು.

"ಜಗಳ ಆಡಿದ್ದು ನೀನೇ ತಾನೆ?"

"ಹೌದ್ರೀ, ನಾನೇ. ಜಗಳ ಆಡದೆ ಎನ್ಸಿಯೊ ಜೊತೆ ಮಾತಾಡೋಕೆ ಬೇರೆ ದಾರಿ ಉಂಟಾ?"

"ಅವನು ಹೋದ್ರೆ ನಿನಗೆ ಹೊಸ ಹಡಗು."

"ಹೆನ್ರಿಕ್ಕಿ!" ಯಾಲ್ಮರಿಯ ದನಿ ಒಡೆಯಿತು. "ನನ್ನ ಮಗಳು ಹುಟ್ಟಿದ ದಿನ ನಾನು ಮೊದಲು ಹೇಳಿದ್ದು ಅವನಿಗೆ. ನಮ್ಮಮ್ಮನಿಗೂ ಆಮೇಲೆ. ಹಡಗು ಹಾಳಾಗಿ ಹೋಗ್ಲಿ!"

"ಲೋಟ ನೋಡಿದ್ಯಾ?"

"ನೋಡ್ದೆ. ಅಬ್ಬಾ, ಹೋದ ಜೀವ ಬಂತು. ಬೋರಲು ಹಾಕಿದಾನೆ ಅಂದ್ಮೇಲೆ ಬರ್ತಾನೆ ಮುದುಕ. ಸಿಟ್ಟಲ್ಲಿ ಏನೋ ಬರೆದಿರ್ತಾನೆ."

"ತುಯಿಯಾ, ನಿನಗೆ ಏನನ್ನಿಸ್ತು?"

"ನನ್ನನ್ನೂ ಕೇಳ್ತೀರಾ?"

"ನಾನು ಮನೆ ಸುಟ್ಟುಕೊಂಡವರನ್ನೇ ಮೊದಲು ಕೇಳ್ತಿದ್ದೆ. ನೀನು ಎರಡನೆಯವಳು. ಖುಷಿಪಡು."

ನನಗೂ ಲೋಟ ನೋಡಿ ಆಸೆ ಹುಟ್ಟಿತ್ತೆಂದು ಹೇಳಿದೆ. ಆಗಲೇ ಹೊಸ ದನಿಯೊಂದು ಕೇಳಿತು.

"ನಾನೂ ಇದೀನಿ."

"ಯಾರದು?"

"ನಾನು, ಸೈಮಿ."

"ಅಯ್ಯೋ ಹುಡುಗಿ! ನಿನಗೆ ಬಾಯಿದೆಯಾ?" ಅಷ್ಟು ಕಳವಳದಲ್ಲೂ ನಗು ಬಂತು ನನಗೆ. ಸೈಮಿ ಬಂದಾಗಿನಿಂದ ಎಲ್ಲವನ್ನೂ ಟೈಪ್ ಮಾಡಿಯೇ ಹೇಳುತ್ತಿದ್ದಳು. ಮೈಕ್ ಕೆಟ್ಟಿದೆ ಎನ್ನುತ್ತಿದ್ದಳು. ಟೈಪ್ ಮಾಡುತ್ತಲೇ ನಮ್ಮ ಹೊಟ್ಟೆ ಹುಣ್ಣಾಗಿಸುವವಳು. ಎನ್ಸಿಯೊನನ್ನು ಅವಳಷ್ಟು ಗೋಳು ಹೊಯ್ದುಕೊಂಡವರಿಲ್ಲ.

"ಮೈಕ್ ಸರಿ ಮಾಡಿಸ್ದೆ" ಎಂದಳು. ದನಿ ಸುಸ್ತಾಗಿತ್ತು.

"ಲೋಟ ನೋಡಿದ್ಯೇನಮ್ಮ?" ಹೆನ್ರಿಕ್ಕಿ ಅವಳನ್ನೂ ಅದನ್ನೇ ಕೇಳಿದರು.

"ನೋಡ್ದೆ. ನೋಡಿದ ಕೂಡಲೇ ಗೊತ್ತಾಯ್ತು, ಇನ್ನು ಬರಲ್ಲ ಅಂತ. ಅವರಿಗೇ ಬೇಡ ಅಂದ್ಮೇಲೆ ನಾವು ಯಾಕೆ ಹಿಂದೆ ಬೀಳೋದು? ಬಿಟ್ಟುಬಿಡೋಣ."

"ಬಿಡೋದಾ?" ಎಂದು ನಾನು ಕೂಗಿದೆ. "ಅವನೆಲ್ಲೋ ಒಬ್ಬನೇ ಬಿದ್ದಿದ್ರೆ? ಕೆಮ್ಮು ಕೇಳಿಲ್ವಾ ನೀನು?"

ಹೆನ್ರಿಕ್ಕಿ ಕಾಫಿ ಹೀರುವುದನ್ನು ನಿಲ್ಲಿಸಿದ್ದರು.

ತಕ್ಷಣ ನನ್ನೊಬ್ಬಳಿಗೇ ಅವರ ಕರೆ ಬಂತು. ಮೆಲ್ಲಗೆ ಹೇಳಿದರು: "ಈಗ ನಾನು ಏನೇ ಹೇಳಿದ್ರೂ ನೀನು ಬೈಯಕೂಡದು. ಯಾಲ್ಮರಿಗೂ ಹೇಳ್ತೀನಿ. ಒಂದು ಗುಂಡಿ ಒತ್ತಿ ಎದ್ದುಹೋದ್ರೆ ಮುಗೀತು. ಎನ್ಸಿಯೊ ನಮಗೆ ಇನ್ಯಾವತ್ತೂ ಸಿಗಲ್ಲ."

"ಯಾರು ಎದ್ದುಹೋಗೋದು?"

"ಬಾಯಿ ಮುಚ್ಕೊಂಡಿರು, ದಮ್ಮಯ್ಯ."

ಮತ್ತೆ ಎಲ್ಲರ ನಡುವೆ ಬಂದಾಗ ಅವರ ದನಿ ಬೇರೆಯಾಗಿತ್ತು. ಮಲಗಿದ ಮಗುವಿನ ಪಕ್ಕ ಮಾತಾಡುವ ಹಾಗೆ ಮಾತಾಡಿದರು.

"ಸೈಮಿ, ಲೋಟ ಬೋರಲು ಹಾಕೋದು ಅಂದ್ರೆ ಏನಮ್ಮ?"

"ಬಿಟ್ಟುಹೋಗೋದು. ಅಲ್ವಾ? ರೈಯಾ ಅವರದ್ದೂ ಹಾಗೇ ಇದೆಯಲ್ಲ."

ಅವಳು ಹೇಳಿದ್ದು ನಿಜ. ರೈಯಾಳ ಲೋಟ ಇವತ್ತಿಗೂ ಬೋರಲು ಇದೆ. ‘ಓವನ್‌ನಲ್ಲಿ ಬನ್ನು ಇಟ್ಟಿದೀನಿ, ನೋಡಿ ಬರ್ತೀನಿ’ ಎಂದು ಬೋರಲು ಹಾಕಿ ಹೋದವಳು ಬರಲೇ ಇಲ್ಲ. ಅವಳ ಲೋಟ ತೆಗೆಯೋಣ ಎನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಹೊಸಬಳಿಗೆ ಆ ಕಥೆಯನ್ನು ಯಾರೂ ಹೇಳಿರಲಿಲ್ಲ.

"ಅಲ್ಲಮ್ಮ" ಎಂದರು ಹೆನ್ರಿಕ್ಕಿ. "ಬರ್ತೀನಿ ಅನ್ನೋರು ಬೋರಲು ಹಾಕೋದು. ನಾವು ಮೂವರೂ ಲೋಟ ನೋಡಿ ಆಸೆ ಇಟ್ಕೊಂಡ್ವಿ. ಹೋದ ಅಂದ್ಕೊಂಡವಳು ನೀನೊಬ್ಬಳೇ. ರೈಯಾ ಹೋದ್ಮೇಲೆ ನಾವ್ಯಾರೂ ಲೋಟ ಬೋರಲು ಹಾಕಿಲ್ಲ, ನೀನು ನೋಡಿದ್ದು ಸತ್ತವಳ ಲೋಟ ಒಂದನ್ನೇ. ಎನ್ಸಿಯೊ ಹೆಸರಲ್ಲಿ ಬಂದು ಇದನ್ನ ಬೋರಲು ಹಾಕಿದವರೂ ಹಾಗೇ ತಿಳ್ಕೊಂಡಿದ್ರು."

ಹೆನ್ರಿಕ್ಕಿ ಮುಂದುವರಿಸಿದರು.

"ನಿನಗೆ ಅವನ ಪಾಸ್‌ವರ್ಡ್ ಗೊತ್ತಿಲ್ಲ. ಹಾಗಾದ್ರೆ ಪಾಸ್‌ವರ್ಡ್ ಕೇಳದ ಅವನ ಕಂಪ್ಯೂಟರಿಂದಲೇ ಬಂದಿರ್ಬೇಕು. ಅಂದ್ರೆ ಅವನ ಮನೆ ಬೀಗದ ಕೈ ನಿನ್ನ ಹತ್ರ ಇದೆ. ಇನ್ನು ಮೈಕ್. ಎನ್ಸಿಯೊ ಇದ್ದಷ್ಟು ದಿನ ಕೆಟ್ಟಿತ್ತು. ಅವನಿಲ್ಲದ ಮೊದಲ ದಿನವೇ ಸರಿಹೋಯ್ತು. ದನಿ ಕೇಳಿದ್ರೆ ಗುರುತು ಹಿಡೀತಾನೆ ಅನ್ನೋ ಭಯ ಯಾರಿಗಿರತ್ತೆ? ತುಂಬಾ ಹತ್ತಿರದವರಿಗೆ. ಮಗಳಿಗೆ."

ಯಾಲ್ಮರಿ ಮೂಗಿನಿಂದ ಜೋರಾಗಿ ಉಸಿರು ಬಿಡುವುದು ಮಾತ್ರ ಕೇಳುತ್ತಿತ್ತು. ಪರದೆಯ ಮೇಲೆ ಸೈಮಿಯ ಹೆಸರು ಇನ್ನೂ ಇದೆಯೇ ಎಂದು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಹೋಗಬೇಡ ತಾಯಿ, ಹೋಗಬೇಡ.

"ನನ್ನ ಹೆಸರು ಮಿಂತ್ತು" ಎಂದಿತು ಆ ದನಿ ಕಡೆಗೆ.

"ಎನ್ಸಿಯೊ ಇದಾನಾ?" ನಾನು ಕೇಳಿಯೇಬಿಟ್ಟೆ.

"ಇದಾರೆ. ಆಸ್ಪತ್ರೆಲಿ. ಶ್ವಾಸಕೋಶ... ಇನ್ನು ಜಾಸ್ತಿ ದಿನ ಇಲ್ಲ ಅಂದ್ರು." ಅವಳು ಒಂದೇ ಉಸಿರಿಗೆ ಹೇಳತೊಡಗಿದಳು. "ಫೋನ್ ಮಾಡಿದಾಗೆಲ್ಲ ಹಡಗು ಕಾಯ್ತಿದೆ ಅಂತ ಇಟ್ಟುಬಿಡೋರು. ಅದೇನಿದೆ ಅಲ್ಲಿ ಅಂತ ನೋಡೋಕೇ ಬಂದೆ. ನಿಮ್ಮ ಜೊತೆ ನಗ್ತಿದ್ರು! ನನ್ನ ಜೊತೆ ಅಪ್ಪ ಹಾಗೆ ನಕ್ಕಿದ್ದೇ ಇಲ್ಲ. ಈ ಕೊನೇ ದಿನಗಳಾದ್ರೂ ನನಗಿರ್ಲಿ ಅನ್ನಿಸ್ತು. ಆಟದ ಕಂಪನಿ ಮುಚ್ಚಿಹೋಯ್ತು ಅಂತ ಅವರಿಗೆ ಹೇಳ್ದೆ. ನಿಮಗೆ ಹೀಗೆ ಬರೆದೆ."

"ಥೂ ನಿನ್ನ!" ಎಂದ ಯಾಲ್ಮರಿ. ತಡೆದುಕೊಂಡದ್ದೇ ಹೆಚ್ಚು.

"ಬೈರಿ. ಬೈಸ್ಕೊಳ್ಳೋಕೇ ಇನ್ನೂ ಕೂತಿದೀನಿ. ಆಟ ಮುಚ್ಚಿತು ಅಂದಾಗಿನಿಂದ ಅಪ್ಪ ಮಾತೇ ಆಡಿಲ್ಲ. ನಾನು ಪಕ್ಕದಲ್ಲಿ ಕೂತಿದ್ರೂ ಕಿಟಕಿ ನೋಡ್ತಾರೆ."

ನನಗೂ ಬೈಗುಳ ತುಟಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವಳ ಜಾಗದಲ್ಲಿದ್ದರೆ ನಾನು ಹಡಗಿಗೇ ಬೆಂಕಿ ಇಡುತ್ತಿದ್ದೆನೇನೋ!

"ಈಗ ಎಲ್ಲಿದೀಯ ಮಿಂತ್ತು?"

"ಅವರ ಕೋಣೆ ಹೊರಗೆ. ಬೆಂಚಿನ ಮೇಲೆ."

"ಕಂಪ್ಯೂಟರ್ ಎತ್ಕೊಂಡು ಒಳಗೆ ಹೋಗು."

ಬಾಗಿಲು ತೆರೆದ ಸದ್ದು ಕೇಳಿತು. ಕುರ್ಚಿ ಎಳೆದಳು. ಆಮೇಲೆ ಆ ಕೆಮ್ಮು. ಕೆಮ್ಮು ಕೇಳಿ ಯಾರಾದರೂ ಸಂತೋಷಪಡುತ್ತಾರೆಯೇ? ನಾನು ಪಟ್ಟೆ.

"ಎನ್ಸಿಯೊ, ನಾನು ಕಣೋ, ತುಯಿಯಾ."

"ಮುಚ್ಚಿಹೋಯ್ತಂತಲ್ಲ?" ದನಿ ಬತ್ತಿಹೋಗಿತ್ತು.

ಮಿಂತ್ತುವೇ ಹೇಳಿದಳು: "ಮುಚ್ಚಿಲ್ಲ ಅಪ್ಪ. ನಾನು ಸುಳ್ಳು ಹೇಳಿದ್ದು. ಇವರಿಗೂ ನಿಮ್ಮ ಹೆಸರಲ್ಲಿ ಸುಳ್ಳು ಬರೆದೆ. ಮತ್ತೆ... ಸೈಮಿ ಅಂದ್ರೆ ನಾನೇ."

"ಸೈಮಿ ನೀನು ಅಂತ ಗೊತ್ತು."

"ಯಾವಾಗಿಂದ?"

"ಬಂದ ವಾರದಿಂದ. ಸಮುದ್ರಾನ ‘ಸಮದ್ರ’ ಅಂತ ಬರೆಯೋಳು ಈ ದೇಶದಲ್ಲಿ ಒಬ್ಳೇ. ಚಿಕ್ಕವಳಿದ್ದಾಗಿಂದ ತಿದ್ದಿ ತಿದ್ದಿ ಸಾಕಾಗಿದೆ ನನಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರೋದು ನಿಲ್ಲಿಸ್ತಿದ್ದೆ." ಕೆಮ್ಮಿ, ಉಸಿರು ತಂದುಕೊಂಡ. "ಫೋನಲ್ಲಿ ನಾವಿಬ್ರೂ ಏನು ಮಾತಾಡಿದೀವಿ ಹೇಳು? ಹವಾಮಾನ. ಅಲ್ಲಿ ನೋಡಿದ್ರೆ ದಿನಾ ನನ್ನ ಕಾಲೆಳೀತಿದ್ದೆ. ನೀನು ಸೇರಿದ್ಮೇಲೆ ಅದಕ್ಕೇ ಫೋನ್ ಇಟ್ಟು ಓಡಿ ಬರ್ತಿದ್ದೆ. ನೀನೂ ಬರ್ತೀಯ ಅಂತ. ಈ ಬಾಯಿಬಡುಕರಿಗೋಸ್ಕರ ಅಂದ್ಕೊಂಡ್ಯಾ?"

ಮಿಂತ್ತು ಬಿಕ್ಕಿ ಬಿಕ್ಕಿ ಅತ್ತಳು. ನಾವೂ ಅತ್ತೆವು; ಯಾಲ್ಮರಿ ಮಾತ್ರ ತನಗೆ ನೆಗಡಿ ಎಂದ. ಹೆನ್ರಿಕ್ಕಿ ಗಂಟಲು ಸರಿಮಾಡಿಕೊಂಡು, "ಇದೊಂದು ನನಗೆ ಹೊಳೀಲಿಲ್ಲ" ಎಂದರು.

"ನಿಮಗೆ ಹೊಳೆಯೋದು ಮೀನಿನ ಲೆಕ್ಕ ಮಾತ್ರ" ಎಂದ ಎನ್ಸಿಯೊ. "ಮಿಂತ್ತು, ಚುಕ್ಕಾಣಿ ಹಿಡಿ. ನನಗೆ ಕೈ ಎತ್ತೋಕಾಗಲ್ಲ, ಬಾಯಲ್ಲಿ ಹೇಳ್ತೀನಿ. ತುಯಿಯಾ, ಹಾಯಿ! ಇವತ್ತೂ ಸಡಿಲ ಬಿಟ್ಟೆಯೋ, ಎದ್ದು ಬಂದು ಹೊಡೀತೀನಿ."

ಮಿಂತ್ತು ಹೊರಟ ಕೂಡಲೇ ಹಡಗನ್ನು ಬಂದರಿನ ಕಟ್ಟೆಗೆ ಗುದ್ದಿಸಿದಳು. ಎನ್ಸಿಯೊ ನಗಲು ಹೋಗಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. ಸಂಜೆಯವರೆಗೆ ಎಲ್ಲಿಗೂ ಹೋಗದೆ ಸುಮ್ಮನೆ ದ್ವೀಪ ಸುತ್ತಿದೆವು. ನಡುವೆ ಒಂದು ಕಡೆ ಅವನ ಮಾತು ನಿಂತಿತು. ನಿದ್ದೆ ಬಂತು ಎಂದು ಮಿಂತ್ತು ಪಿಸುಗುಟ್ಟಿದಳು. ಅವಳು ಮೈಕ್ ಆರಿಸಲಿಲ್ಲ, ಅವನ ಉಸಿರಾಟ ಎಲ್ಲರಿಗೂ ಕೇಳುತ್ತಿತ್ತು. ಯಾಲ್ಮರಿಯ ಹೆಂಡತಿ ಊಟಕ್ಕೆ ಕರೆದಳು, ಅವನು ಏಳಲಿಲ್ಲ. ನಾವು ಯಾರೂ ಹಡಗು ಬಿಟ್ಟು ಇಳಿಯಲಿಲ್ಲ.