ಗಂಟೆಯಮ್ಮನ ಪುಟ

"ದೇವದರ್ಶನ ಅಂತೆ! ಒಂದು ಹೆಣ ನೋಡಿ ಶುರುವಾದ ಮನೆ ಕಣ್ರೀ ಇದು!"

ಟೀಚರ್ ಬೆಚ್ಚಿ ತಲೆಯೆತ್ತಿದಳು.

ಆರನೇ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ತೋಳು ಮಡಿಚಿದ ನೀಲಿ ಅಂಗಿ, ಕೈಯಲ್ಲಿ ಬಿಪಿ ನೋಡುವ ಯಂತ್ರ. ಆ ವೃದ್ಧಾಶ್ರಮದ ನರ್ಸ್ ಅವನು. ಅಲ್ಲಿನ ಅಜ್ಜ ಅಜ್ಜಿಯರ ಬಾಯಲ್ಲಿ 'ನರ್ಸಣ್ಣ'.

ಚರ್ಚ್ ಕಟ್ಟಿದ ಆ ಆಶ್ರಮಕ್ಕೆ ಐವತ್ತು ತುಂಬುತ್ತಿತ್ತು. ಚರಿತ್ರೆ ಬರೆದುಕೊಡಿ ಎಂದು ಕಮಿಟಿಯವರು ಕೇಳಿದ್ದು ಅವಳನ್ನೇ. ಶಾಲೆಯಲ್ಲಿ ಭಾಷೆ ಕಲಿಸುವವಳು, ಮೇಲಾಗಿ ಆಶ್ರಮ ಸ್ಥಾಪಿಸಿದ ಪಾದ್ರಿಯ ಮೊಮ್ಮಗಳು. 'ಒಂದು ಮುಂಜಾನೆ ಪಾದ್ರಿಗಳಿಗೆ ದೇವದರ್ಶನವಾಗಿ…' ಎಂಬ ಮೊದಲ ಸಾಲನ್ನು ಹೊಲಿಗೆ ಅಜ್ಜಿಗೆ ಓದಿ ಹೇಳುತ್ತಿದ್ದಳು, ಅಷ್ಟೇ.

"ನಮ್ಮ ತಾತನ ಬಗ್ಗೆ ಹಾಗೆಲ್ಲ ಮಾತಾಡಬೇಡಿ!"

"ನಾನು ನಮ್ಮ ಅಜ್ಜಿ ಬಗ್ಗೆ ಮಾತಾಡ್ತಿದ್ದೀನಿ," ಎಂದವನೇ ಹೊರಟುಹೋದ.

ಅವಳು ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು. ಯಾರಿವನು? ಎಷ್ಟು ಕೊಬ್ಬು!

"ಅವನು ಹೇಳಿದ ರೀತಿ ತಪ್ಪು ಮಗಳೇ. ಹೇಳಿದ್ದು ತಪ್ಪಲ್ಲ," ಎಂದರು ಹೊಲಿಗೆ ಅಜ್ಜಿ. ಎಂಬತ್ತೆಂಟರ ಆ ಅಜ್ಜಿ ಒಂದು ಕಾಲದಲ್ಲಿ ಚರ್ಚ್‌ನ ಪರದೆಗಳನ್ನೆಲ್ಲ ಹೊಲಿದವರು. "ಗಂಟೆಯಮ್ಮ ಅಂತ ಒಬ್ಬಳಿದ್ದಳು, ಇವನ ಅಜ್ಜಿ. ಮೂವತ್ತು ವರ್ಷ ಚರ್ಚ್ ಗುಡಿಸಿ ಗಂಟೆ ಬಾರಿಸಿದವಳು. ಮಂಡಿ ಹೋಯ್ತು. ಮಗಳು ದೂರದ ಊರಲ್ಲಿ ಕೆಲಸದಲ್ಲಿದ್ದಳು. ಹಿಂದಿನ ಹಾಲ್‌ನಲ್ಲಿ ಮಲಗೋಕೆ ಒಂದಿಷ್ಟು ಜಾಗ ಕೊಡಿ ಅಂತ ನಿಮ್ಮ ತಾತನ್ನ ಕೇಳಿದಳು. ಸಭೆಯಲ್ಲಿ ನೋಡೋಣ ಅಂದ್ರು…"

"ಆಮೇಲೆ?"

"ನೋಡಲಿಲ್ಲ."

ಅಂದು ಮಧ್ಯಾಹ್ನವೇ ಅವಳು ಚರ್ಚ್ ಕಚೇರಿಯ ಹಳೆಯ ನಡಾವಳಿ ಪುಸ್ತಕ ತೆರೆಸಿದಳು. ತಾತನ ದುಂಡು ಅಕ್ಷರ. ಅವಳಿಗೆ ಬರೆಯಲು ಕಲಿಸಿದ ಅದೇ ಕೈ. 'ಗಂಟೆಯವಳ ಅರ್ಜಿ: ಮುಂದಿನ ಸಭೆಗೆ.' ಮೂರು ಭಾನುವಾರ, ಮೂರು ಸಲ, ಅದೇ ಸಾಲು! ನಾಲ್ಕನೆಯ ವಾರ ಅರ್ಜಿಯ ಸುದ್ದಿಯೇ ಇಲ್ಲ. 'ಹಿಂದಿನ ಹಾಲ್‌ಗೆ ನಾಲ್ಕು ಮಂಚ ತರಿಸುವುದು' ಎಂದಷ್ಟೇ ಇತ್ತು.

ಆ ನಡುವೆ ಗಂಟೆಯಮ್ಮ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಸತ್ತಿದ್ದಳು. ಎರಡು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಆಮೇಲೆ ಬಂದ ಆ ನಾಲ್ಕು ಮಂಚಗಳೇ ಆಶ್ರಮದ ಆರಂಭ.

ಮರುದಿನ ಟೀಚರ್ ನರ್ಸಣ್ಣನನ್ನು ಹುಡುಕಿಕೊಂಡು ಹೋದಳು. ಲಕ್ವ ಹೊಡೆದ ಅಜ್ಜನೊಬ್ಬನಿಗೆ ಅವನು ಗಂಜಿ ಕುಡಿಸುತ್ತಿದ್ದ. ಚಮಚ, ಒರೆಸು, ಕಾಯು, ಮತ್ತೆ ಚಮಚ. ಎಳ್ಳಷ್ಟೂ ಆತುರವಿಲ್ಲ.

"ನಿಮ್ಮ ಅಜ್ಜಿ ಬಗ್ಗೆ ಹೇಳ್ತೀರಾ? ನಾನು ಬರೀತೀನಿ."

ಅವನು ಚಮಚವನ್ನು ಬಟ್ಟಲಲ್ಲಿಟ್ಟ. "ಸಂಜೆ ನಾಲ್ಕಕ್ಕೆ ಬನ್ನಿ."

ಆ ಒಂದು ಸಂಜೆ ಇಪ್ಪತ್ತು ಸಂಜೆಯಾಯಿತು. ಅಜ್ಜಿಯ ಕಥೆ ಮುಗಿದ ಮೇಲೂ ಮಾತು ಮುಗಿಯಲಿಲ್ಲ. ಅವನು ಬಂದರೆ ಅವಳ ಕಿವಿ ಕೆಂಪಾಗುವುದನ್ನು ಇಡೀ ಆಶ್ರಮವೇ ಕಂಡಿತ್ತು.

"ಬಿಪಿ ನೋಡೋದು ನನಗೆ, ಏರೋದು ಇವಳಿಗೆ!" ಎಂದು ಹೊಲಿಗೆ ಅಜ್ಜಿ ನಗುತ್ತಿದ್ದರು.

ಬರೆದ ಪುಟವನ್ನು ಅವನು ಎರಡು ಸಲ ಓದಿದ. "ನಮ್ಮಜ್ಜಿ ಬಗ್ಗೆ ಯಾರೂ ಒಂದು ಸಾಲೂ ಬರೆದಿರಲಿಲ್ಲ…" ಎಂದು ಮುಖ ಆಚೆ ತಿರುಗಿಸಿದ.

ಆದರೆ ಮನೆಯಲ್ಲಿ ಅಪ್ಪ ಆ ಪುಟ ಓದಿ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. "ನಮ್ಮಪ್ಪ ಹೋಗಿ ಹನ್ನೆರಡು ವರ್ಷ ಆಯ್ತು. ಈಗ ಎತ್ತಿ ಆಡಿಸಿದ ಮೊಮ್ಮಗಳೇ ಅವರ ಮುಖಕ್ಕೆ ಮಸಿ ಬಳಿಯಬೇಕಾ?"

ಅಷ್ಟೇ ಹೇಳಿದ್ದು. ತೆಗೆ ಎನ್ನಲಿಲ್ಲ. ಅವಳೇ ಮುದ್ರಣಾಲಯಕ್ಕೆ ಫೋನ್ ಮಾಡಿ ತೆಗೆಸಿದಳು.

ಪುಸ್ತಕದ ಕಟ್ಟುಗಳು ಬಂದ ದಿನ ಅವನು ಹುರುಪಿನಿಂದ ಹಾಳೆ ತಿರುವಿದ. ಮುಂದಕ್ಕೆ, ಹಿಂದಕ್ಕೆ… ಅಜ್ಜಿಯ ಕಥೆ ಇರಬೇಕಿದ್ದ ಹನ್ನೊಂದನೇ ಪುಟದಲ್ಲಿ ಕಟ್ಟಡದ ಫೋಟೋ ಇತ್ತು.

"ಕಮಿಟಿಯವರು ತೆಗೆಸಿದ್ರಾ?"

ಹೂಂ ಎಂದರೆ ಸಾಕಿತ್ತು. ನಂಬಲು ಅವನು ಸಿದ್ಧನಿದ್ದ!

"ಇಲ್ಲ… ನಾನೇ."

ಅವನ ಮುಖ ಬಿಳಿಚಿಕೊಂಡಿತು. "ಮುಂದಿನ ಸಭೆಗೆ. ಅಲ್ವಾ ಟೀಚರ್?"

ಆ ಮಾತು ಎದೆಗೆ ನಾಟಿತು. ಮುಂದಿನ ಒಂಬತ್ತು ದಿನ ಅವನು ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದುವಾಗ ಕೆಂಪು ಪೆನ್ನು ಹಿಡಿಯಲೂ ಅವಳಿಗೆ ನಾಚಿಕೆಯಾಗುತ್ತಿತ್ತು. ನಾನು ಯಾರ ತಪ್ಪು ತಿದ್ದಲಿ?

ಹತ್ತನೆಯ ದಿನ ಅಪ್ಪನ ಮುಂದೆ ನಿಂತಳು. "ತಾತ ಅಂದ್ರೆ ನನಗೆ ಈಗಲೂ ಪ್ರಾಣ ಅಪ್ಪಾ. ಆದರೆ ಆ ನಾಲ್ಕು ಮಂಚ ಯಾಕೆ ತರಿಸಿದ್ರು ಅಂತ ಅವರಿಗೆ ಗೊತ್ತಿತ್ತು. ಬರೆಯೋ ಧೈರ್ಯ ಬರಲಿಲ್ಲ. ನಾನು ಬರೀತೀನಿ."

ಅಪ್ಪ ಎದ್ದು ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಶನಿವಾರ ಬೆಳಿಗ್ಗೆ ಆಶ್ರಮದ ಊಟದ ಹಾಲ್‌ನಲ್ಲಿ ನಾನೂರು ಪುಸ್ತಕ, ನಾನೂರು ಬಿಡಿ ಹಾಳೆ, ಒಂದು ಗೋಂದಿನ ಡಬ್ಬಿ. ಅವಳು ಒಬ್ಬಳೇ ಅಂಟಿಸುತ್ತಿದ್ದಳು. ಹೊಲಿಗೆ ಅಜ್ಜಿ ಬಂದು ಹಾಳೆಯ ಅಂಚು ಮಡಿಚಿ ಕೊಡತೊಡಗಿದರು.

ಔಷಧಿಯ ಗಾಡಿ ತಳ್ಳಿಕೊಂಡು ಬಂದವನು ನಿಂತ. ಒಂದು ಪುಸ್ತಕ ಎತ್ತಿಕೊಂಡ.

ಅದೇ ಪುಟ. ಕೊನೆಯಲ್ಲಿ ಮಾತ್ರ ಹೊಸದೊಂದು ಸಾಲು: 'ಈ ಪುಟವನ್ನು ಮೊದಲು ತೆಗೆಸಿದವಳು ಇದನ್ನು ಬರೆದವಳೇ, ಆ ಪಾದ್ರಿಯ ಮೊಮ್ಮಗಳು.'

"ಇದನ್ಯಾಕೆ ಹಾಕಿದ್ರಿ? ಜನ ಏನಂತಾರೆ?"

"ನಿಜ ಅಂತಾರೆ."

ಅವನು ಗಾಡಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದ. ಆಮೇಲೆ ಕುರ್ಚಿ ಎಳೆದು ಅವಳ ಎದುರು ಕುಳಿತ. ಗೋಂದಿನ ಡಬ್ಬಿಯನ್ನು ತನ್ನ ಕಡೆಗೆ ಸರಿಸಿಕೊಂಡ.

"ನಾನು ಔಷಧಿ ತಗೋಬೇಕು, ಆಮೇಲೆ ಬರ್ತೀನಿ," ಎಂದು ಹೊಲಿಗೆ ಅಜ್ಜಿ ಮೆಲ್ಲಗೆ ಎದ್ದರು. ಔಷಧಿಯ ಗಾಡಿ ಅಲ್ಲೇ ಇತ್ತು!

ಇಬ್ಬರೂ ಹಾಳೆ ಅಂಟಿಸಿದರು. ಹತ್ತು… ಹದಿನೈದು… ಇಪ್ಪತ್ತು…

"ನೀವಂದ್ರೆ ನನಗೆ ಇಷ್ಟ," ಎಂದಳು ಅವಳು, ತಲೆಯೆತ್ತದೆ. "ಇದನ್ನೂ ಮುಂದಕ್ಕೆ ಹಾಕೋದು ಬೇಡ ಅನ್ನಿಸ್ತು."

ಅವನ ಕೈ ನಿಂತಿತು. "ನನಗಿನ್ನೂ ಕೋಪ ಇದೆ ಟೀಚರ್. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ. ನಾನೂ ಇರ್ತೀನಿ."

"ಎಲ್ಲಿವರೆಗೆ?"

"ನೀವು ಹೋಗು ಅನ್ನೋವರೆಗೆ."

ಗೋಂದು ಮೆತ್ತಿದ ಅವಳ ಬೆರಳುಗಳನ್ನು ಅವನು ಮೆಲ್ಲಗೆ ಹಿಡಿದುಕೊಂಡ.

"ಹಾಗಾದ್ರೆ ತುಂಬಾ ದಿನ ಆಗುತ್ತೆ," ಎಂದ. "ನನಗೆ ಆ ಮಾತು ಬರಲ್ಲ."