ಕೊನೆಯ ಹಾಸಿಗೆಯ ಸರದಿ

"ಬಾಟಲಿ ಕೆಳಗಿಡು. ಇಲ್ಲಾಂದ್ರೆ ಕೈ ಮುರೀತೀನಿ."

ಆಸ್ಪತ್ರೆಯ ಸೆಕ್ಯುರಿಟಿಯವನ ಕೈ ನನ್ನ ಕತ್ತಿನ ಮೇಲೆ. ನನ್ನ ಕೈಯಲ್ಲಿ ಅರ್ಧ ಖಾಲಿಯಾದ ಸಲೈನ್ ಬಾಟಲಿ.

ಮೊಣಕಾಲಿನಿಂದ ಒಂದು ಕೊಟ್ಟೆ. ಮಡಚಿಕೊಂಡ. ನಾನು ಮೆಟ್ಟಿಲ ಕಡೆ ಓಡಿದೆ...

ಕೇಳಿ. ಕಂಡವರ ಗುಟ್ಟು ಅಗೆಯುವುದು ನನ್ನ ಕಸುಬು. ಈ ಸಲದ ಕ್ಲೈಂಟ್ ನನ್ನ ಸ್ವಂತ ಅಕ್ಕ. ಹನ್ನೊಂದು ವರ್ಷದಿಂದ ಎಚ್‌ಐವಿ. ಒಂದು ದಿನವೂ ಮಾತ್ರೆ ತಪ್ಪಿಸಿದವಳಲ್ಲ. ಮೆದುಳು ಜ್ವರವೆಂದು ಇಲ್ಲಿ ಸೇರಿ ಎರಡು ತಿಂಗಳಾಗಿತ್ತು. ಸೇರುವಾಗ ಇಲ್ಲದ, ರಕ್ತದಿಂದ ಹರಡುವ ಹೆಪಟೈಟಿಸ್ ಸಿ ಈಗ ಅಂಟಿತ್ತು. ಪಕ್ಕದ ಮೂವರು ಎಚ್‌ಐವಿ ರೋಗಿಗಳಿಗೂ ಅದೇ.

ಸೂಪರಿಂಟೆಂಡೆಂಟ್ ಷರಾ ಬರೆದಿದ್ದ: 'ಹೊರಗಿನ ಕೆಟ್ಟ ಚಾಳಿಯಿಂದ ಬಂದದ್ದು.' ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ ನಾಲ್ವರೂ ಡಿಸ್ಚಾರ್ಜ್. ಔಷಧಿ ಇಲ್ಲ. ಹಾಸಿಗೆ ಬಿಟ್ಟು ಏಳಲಾರದವಳಿಗೆ ಹೊರಗಿನ ಚಾಳಿಯಂತೆ! ಥೂ.

ಬೆಳಿಗ್ಗೆ ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೆ. ರೋಗಿಗಳ ಕೈಗೆ ಚುಚ್ಚಿದ ನಳಿಕೆ ಕಟ್ಟಿಕೊಳ್ಳದಂತೆ ಸಲೈನ್ ಬಿಡುತ್ತಿದ್ದರು. ಇಡೀ ವಾರ್ಡಿಗೆ ಒಂದೇ ಬಾಟಲಿ, ಒಂದೇ ಸಿರಿಂಜ್. ಸೂಜಿ ಮಾತ್ರ ಹೊಸದು.

"ಸಿಸ್ಟರ್, ನಮ್ಮಕ್ಕಂಗೆ ಯಾವಾಗ?"

"ಆ ರೋಗದವ್ರಿಗೆ ಯಾವಾಗ್ಲೂ ಕೊನೇಲಿ. ಅವ್ರದ್ದು ಮಿಕ್ಕವ್ರಿಗೆ ಅಂಟಬಾರ್ದಲ್ಲ?"

"ಮಿಕ್ಕವ್ರದ್ದು ಅವ್ರಿಗೆ ಅಂಟಬಹುದಾ?"

ಅವಳು ಮುಂದಿನ ಹಾಸಿಗೆಗೆ ನಡೆದಳು. ಮೊದಲ ಹಾಸಿಗೆಯಲ್ಲಿದ್ದವಳು ಹೆಪಟೈಟಿಸ್ ಸಿ ರೋಗಿ. ಸಿರಿಂಜ್ ಪ್ರತಿ ಸಲ ಬಾಟಲಿಗೆ ಮರಳುತ್ತಿತ್ತು. ವಾರ್ಡಿನ ಕೊಳೆಯೆಲ್ಲ ಕೊನೆಯ ನಾಲ್ಕು ಹಾಸಿಗೆಗೆ ಇಳಿಯುತ್ತಿತ್ತು. ನಡುವಿನವರ ರಕ್ತ ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಬುದ್ಧಿವಂತರು! ಸಿರಿಂಜ್ ಸಮೇತ ಆ ಬಾಟಲಿ ಕಸಿದು ಓಡಿದೆ; ಸೆಕ್ಯುರಿಟಿಯವನು ಕತ್ತು ಹಿಡಿದದ್ದು ಆಗಲೇ.

ಹನ್ನೆರಡಕ್ಕೆ ಹತ್ತು ನಿಮಿಷ. ಸೂಪರಿಂಟೆಂಡೆಂಟನ ಕೋಣೆಗೆ ನುಗ್ಗಿ ಚಿಲಕ ಹಾಕಿದೆ.

"ಡಾಕ್ಟ್ರೇ, ವಾರ್ಡಿನ ಈ ಬಾಟಲಿ ಸೇಫಾ?"

"ನೂರಕ್ಕೆ ನೂರು. ಯಾರಯ್ಯ ನೀನು?"

"ಹಾಗಾದ್ರೆ ತೋಳು ಚಾಚಿ. ಒಂದೇ ಒಂದು ಸಿರಿಂಜ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ಕಂಡಿದ್ದೆ. ಈ ಮಹಾಶಯ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ಏನು... ಏನು ಬೇಕು?"

"ಆ ಷರಾ ಹರೀರಿ. ನಾಲ್ವರಿಗೂ ಇಲ್ಲೇ ಔಷಧಿ, ವಾರ್ಡಿಗೆಲ್ಲ ಟೆಸ್ಟ್ ಅಂತ ಬರೀರಿ. ಬಾಟಲಿ ಹೊರಗಿನ ಲ್ಯಾಬಿಗೆ ಹೋಗುತ್ತೆ. ನೂರಕ್ಕೆ ನೂರು ಸೇಫಲ್ವಾ, ಅದ್ರ ಚಿಂತೆ ನಿಮಗ್ಯಾಕೆ?"

ಬರೆದ. ಕೈ ಗಡಗಡ ನಡುಗುತ್ತಿತ್ತು. ಅಕ್ಷರದಲ್ಲೇನೂ ವ್ಯತ್ಯಾಸ ಕಾಣಲಿಲ್ಲ, ಡಾಕ್ಟರಲ್ಲವೇ.

ಕಾಗದ ತಂದು ಅಕ್ಕನಿಗೆ ಓದಿ ಹೇಳಿದೆ. ಅವಳು ಕೈಯ ನಳಿಕೆಯನ್ನೇ ನೋಡುತ್ತ ಮಲಗಿದ್ದಳು.

"ಹನ್ನೊಂದು ವರ್ಷ ಎಲ್ರೂ ನನ್ನಿಂದ ದೂರ ನಿಂತ್ರು ಕಣೋ," ಎಂದಳು. "ಅವ್ರಿಂದ ದೂರ ನಿಲ್ಬೇಕಾಗಿದ್ದವಳು ನಾನು."