ಬಂಡಿದಾರಿಯ ಅಪ್ಪಣೆ

ಉಷಾಳ ಪುಸ್ತಕಗಳೆಲ್ಲ ಹಗ್ಗ ಬಿಗಿಸಿಕೊಂಡು ಬಾಗಿಲ ಬಳಿ ಕೂತಿದ್ದವು. ದೆಹಲಿಯ ಓಲ್ಡ್ ರಾಜಿಂದರ್ ನಗರದ ಆ ಮೂರನೇ ಮಹಡಿಗೆ ಹತ್ತಿ ಬಂದು ಏದುಸಿರು ಬಿಡುತ್ತ ನಿಂತ ದೇವೇಂದ್ರಪ್ಪ, "ರದ್ದಿಗಾ?" ಎಂದ.

"ಊರಿಗೆ. ಮಂಗಳವಾರದ ಟ್ರೈನು. ರದ್ದಿಗೆ ಹೋಗ್ತಿರೋಳು ನಾನು."

ಅವನಿಗೆ ನಗು ಬರಲಿಲ್ಲ. ತಂದಿದ್ದ ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯದೆ ಬಗಲಲ್ಲೇ ಹಿಡಿದು ನಿಂತ. ನಾಲ್ಕು ವರ್ಷದಿಂದ, ೨೦೦೭ರ ಈ ಚಳಿಯವರೆಗೂ, ಪ್ರತಿ ಭಾನುವಾರ ಸರೋಜಿನಿ ನಗರದ ಕ್ವಾರ್ಟರ್ಸಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಒಂದು ಪುಸ್ತಕ ಕೊಟ್ಟು ಇನ್ನೊಂದು ಒಯ್ಯುತ್ತಿದ್ದ. ಅವಳು ಓದುತ್ತಿದ್ದುದು ಸಿವಿಲ್ ಸರ್ವೀಸಸ್ ಪರೀಕ್ಷೆಗೆ. ಸರ್ಕಾರಿ ಗುಮಾಸ್ತನಾದ ಅವನಿಗೆ ಯಾವ ಪರೀಕ್ಷೆಯೂ ಇರಲಿಲ್ಲ. ಆದರೂ ಫೈಲುಗಳಿಂದ ಸವೆದ ಕಣ್ಣಲ್ಲೇ ಇತಿಹಾಸ, ಕಾನೂನು, ರಾಜ್ಯ ಅನ್ನುವುದು ಯಾಕಿದೆ ಎಂದು ವಾದಿಸುವ ದಪ್ಪ ಪುಸ್ತಕ, ಎಲ್ಲವನ್ನೂ ಓದುತ್ತಿದ್ದ. ಹೊಲಕ್ಕೆ ನೀರು ಹಾಯಿಸುವವನ ಹಾಗೆ ಸಾಲಿನಿಂದ ಸಾಲಿಗೆ, ನಿಧಾನವಾಗಿ.

"ಕೋಚಿಂಗಿನವರು ಪಾಠ ಮಾಡೋಕೆ ಇಲ್ಲೇ ಇರಿ ಅಂದಿದ್ದರಲ್ಲ?"

"ನಾಳೆ ಹೇಳ್ಬೇಕು." ಊರಿಗೆಂದು ಕೊಂಡ ಗಜಕ್ ಮಿಠಾಯಿಯ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದವಳು, ಗಂಟನ್ನು ಬೆರಳಲ್ಲಿ ಒತ್ತಿಹಿಡಿದು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಕೊನೆ ಅಟೆಂಪ್ಟೂ ಮುಗೀತು. ಸಾಕಾಗಿದೆ ನಂಗೆ. ಇನ್ನು ಯಾರಿಗೋಸ್ಕರ ಈ ಮೆಟ್ಟಿಲು ಹತ್ಲಿ, ವಕೀಲರೇ?"

ಅವನನ್ನು ರೇಗಿಸಲು ಅವಳಿಟ್ಟ ಹೆಸರು ಅದು. ಆ ನೋಟ ತಾಳಲಾರದೆ ಅವನು ಪುಸ್ತಕ ಬಿಡಿಸಿದ. "ರಾಜ್ಯ ಹುಟ್ಟಿದ್ದು ಜನರ ಒಪ್ಪಿಗೆಯಿಂದ ಅಂತಾನೆ ಇವನು. ಹೋದ ವಾರದೋನು ಕತ್ತಿಯಿಂದ ಅಂತಿದ್ದ..."

"ನಾನು ಹೋಗ್ತೀನಿ ಅಂತಿದೀನಿ. ನಿಮಗೆ ರಾಜ್ಯದ ಜಾತಕ! ನಾಲ್ಕು ವರ್ಷದಲ್ಲಿ ಒಂದು ಸಲ, ಮುಂದಿನ ವಾರ ಬರ್ಲಾ ಅಂತ ಕೇಳಿದೀರಾ ನೀವು?"

"ಕೇಳಿದ್ರೆ ಹೋಗಿಬಿಡುತ್ತೆ."

"ಏನು?"

"ದಾರಿ."

ಪುಸ್ತಕದ ಕಟ್ಟಿನ ಮೇಲೆ ಕುಸಿದು ಕೂತು, ಇಷ್ಟು ದಿನ ಹೇಳದಿದ್ದುದನ್ನು ಹೇಳಿದ. ಅವನ ಅಪ್ಪನ ಹೊಲಕ್ಕೆ ಬಂಡಿದಾರಿ ಇದ್ದುದು ಕೆಂಪಣ್ಣ ಎಂಬವರ ಜಮೀನಿನ ಮೇಲೆ. ಮೂವತ್ತು ವರ್ಷ ಅಪ್ಪ ಅಲ್ಲೇ ಬಂಡಿ ಹೊಡೆದಿದ್ದ. ಕೆಂಪಣ್ಣ ತೀರಿಕೊಂಡ ಮೇಲೆ ಮಕ್ಕಳು ಬೇಲಿ ಹಾಕಿದರು. ಕೋರ್ಟಿನಲ್ಲಿ ಎದುರು ವಕೀಲ, "ಅಪ್ಪಣೆ ಕೇಳಿ ಹೋಗ್ತಿದ್ದಿರಾ?" ಎಂದಾಗ ಅಪ್ಪ ಎದೆಯುಬ್ಬಿಸಿ, "ಹೂಂ ಸ್ವಾಮಿ, ಪ್ರತಿ ಸುಗ್ಗಿಗೂ. ಕೇಳದೆ ನುಗ್ಗೋಕೆ ನಾವೇನು ಕಳ್ಳರಾ?" ಅಂದುಬಿಟ್ಟ. ಕೇಸು ಅಲ್ಲಿಗೇ ಮಲಗಿತು. ತನ್ನದೆಂಬಂತೆ ಇಪ್ಪತ್ತು ವರ್ಷ ನಡೆದರೆ ದಾರಿ ಹಕ್ಕಾಗುತ್ತದೆ. ಅಪ್ಪಣೆ ಬೇಡಿ ನಡೆದದ್ದು ನೂರು ವರ್ಷವಾದರೂ ಆಗುವುದಿಲ್ಲ. ಆ ಮಾತು ಎಲ್ಲಿ ಬರೆದಿದೆಯೆಂದು ಹುಡುಕಲೆಂದೇ ದೇವೇಂದ್ರಪ್ಪ ಓದಲು ಶುರುಮಾಡಿದ್ದು. ಅದು ಸಿಕ್ಕ ಮೇಲೂ ಓದು ಬಿಡಲಿಲ್ಲ.

"ಅದಕ್ಕೇ ಕೇಳ್ಲಿಲ್ಲ," ಎಂದ. "ಸುಮ್ಮನೆ ಬರ್ತಾ ಇದ್ದೆ."

ಉಷಾ ದಾರದ ಗಂಟನ್ನು ಎಳೆದು ಬಿಗಿದಳು. "ಇಪ್ಪತ್ತು ವರ್ಷ ತುಂಬಲಿ ಅಂತಾನಾ? ಇನ್ನೂ ಹದಿನಾರಿದೆಯಲ್ರೀ! ಅಷ್ಟರಲ್ಲಿ ನನ್ನ ತಲೆ ನರೆತಿರುತ್ತೆ."

ಕೆಳಗೆ ಬೀದಿಯಲ್ಲಿ ತರಕಾರಿ ಭಯ್ಯಾ ಬಟಾಣಿ ಕೂಗುತ್ತ ಹೋದ.

"ಕೆಂಪಣ್ಣನವರು ಇದ್ದಾಗ, ನಿಮ್ಮಪ್ಪ ಕೇಳಿದ್ರೆ ಏನಂತಿದ್ರು?"

ಓದಿದ ಯಾವ ಪುಸ್ತಕವೂ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಕೈಯಲ್ಲಿದ್ದ ಪುಸ್ತಕ ಮುಚ್ಚಿದ. "ಬಂಡಿ ನಿಲ್ಲಿಸಿ ಕೈಗೊಂದು ಅಚ್ಚು ಬೆಲ್ಲ ಇಡ್ತಿದ್ರು. ಹೋಗಪ್ಪ, ಇದೇನು ಕೇಳೋದು, ಅಂತಿದ್ರು."

"ಮತ್ತೆ? ಹಕ್ಕು ಬೇಕಾಗಿದ್ದು ಬೇಲಿ ಬಿದ್ದ ಮೇಲೆ ತಾನೇ? ಇಲ್ಲಿ ಬೇಲಿ ಹಾಕಿದೋರು ಯಾರು?"

ದೇವೇಂದ್ರಪ್ಪ ಎದ್ದು ನಿಂತ. ನಲವತ್ತೊಂದು ವರ್ಷದ ಮೊಣಕಾಲು ಲಟಕ್ಕೆಂದಿತು.

"ಉಷಾ, ಹೋಗ್ಬೇಡಿ. ಮುಂದಿನ ಭಾನುವಾರ ಬರ್ಲಾ?"

"ಮುಂದಿನದು ಮಾತ್ರಾನಾ?"

"ಒಂದೊಂದಕ್ಕೂ ಕೇಳ್ತೀನಿ. ಬದುಕಿರೋ ತನಕ."

"ಹಕ್ಕು ಹುಟ್ಟೋಲ್ಲ ಮತ್ತೆ."

"ಹುಟ್ಟೋದು ಬೇಡ."

ಉಷಾ ಪೊಟ್ಟಣವನ್ನು ಮಡಿಲಿಗೆಳೆದುಕೊಂಡಳು. ಆಗತಾನೇ ಬಿಗಿದಿದ್ದ ಗಂಟನ್ನು ಹಲ್ಲಲ್ಲಿ ಕಚ್ಚಿ ಸಡಿಲಿಸಿದಳು. ಎಳ್ಳು ಬೆಲ್ಲದ ಆ ಗಜಕಿನಿಂದ ಒಂದು ತುಂಡು ಮುರಿದು ಅವನ ಅಂಗೈಯಲ್ಲಿಟ್ಟಳು.

"ಇದೇನು ಕೇಳೋದು," ಎಂದಳು.